ಕಾರಣ ಬರೆದಿಡದ ಪ್ಯಾಕೇಜು: ಉಡುಪಿಯ ಒಂದು ಶಾಲಾ ಲ್ಯಾಬಿನ ಪ್ರಕರಣ

2025ರ ಜೂನ್ ಮೊದಲ ವಾರ. ಆ ವರ್ಷ ಮಳೆ ಮೇ ಕೊನೆಯಲ್ಲೇ ಹಿಡಿದುಕೊಂಡಿತ್ತು. ಉಡುಪಿ ತಾಲೂಕಿನ ಒಂದು ಅನುದಾನಿತ ಪ್ರೌಢಶಾಲೆಯ ಲ್ಯಾಬಿನಲ್ಲಿ 24 ಸಿಸ್ಟಮ್‌ಗಳಿಗೆ ನಾನು ಒಟ್ಟಿಗೇ ಅಪ್‌ಗ್ರೇಡ್ ಕೊಟ್ಟು, ಕಿಟಕಿ ಪಕ್ಕ ಕೂತು ನೋಡುತ್ತಿದ್ದೆ. ಮಧ್ಯಾಹ್ನ 3 ಗಂಟೆ 42 ನಿಮಿಷಕ್ಕೆ ಕರೆಂಟು ಹೋಯಿತು. ಸಮಯ ಇಷ್ಟು ಖಚಿತವಾಗಿ ಗೊತ್ತಿರುವುದು ಗಡಿಯಾರ ನೋಡಿದ್ದರಿಂದ ಅಲ್ಲ. ಮರುದಿನ ಒಂಬತ್ತು ಸಿಸ್ಟಮ್‌ಗಳ ಲಾಗ್ ಫೈಲು ತೆರೆದಾಗ ಎಲ್ಲದರ ಕೊನೆಯ ಸಾಲೂ ಅದೇ ನಿಮಿಷಕ್ಕೆ ನಿಂತಿತ್ತು.

ಅಲ್ಲಿಂದ ಮುಂದಿನ ನಾಲ್ಕು ತಿಂಗಳಲ್ಲಿ ಆ ಲ್ಯಾಬಿನಲ್ಲಿ ಸಾಫ್ಟ್‌ವೇರ್ ಹಾಕುವ, ತೆಗೆಯುವ, ಹೊಸದು ಮಾಡುವ ಕ್ರಮವೇ ಬದಲಾಯಿತು. ನಮ್ಮ ಕಡೆಯ ಬೇರೆ ಶಾಲೆಗಳಲ್ಲೂ ಇಂಥದ್ದೇ ಲ್ಯಾಬುಗಳು ಇವೆ. ಅಲ್ಲಿ ನೋಡಿಕೊಳ್ಳುವವರಿಗೆ ಉಪಯೋಗವಾಗಲಿ ಎಂದು ಪೂರ್ತಿ ಬರೆದಿಡುತ್ತಿದ್ದೇನೆ. ತಪ್ಪಿನಲ್ಲಿ ದೊಡ್ಡ ಪಾಲು ನನ್ನದೇ. ಅದನ್ನೂ ಬರೆಯದಿದ್ದರೆ ಈ ಬರಹದಿಂದ ಪ್ರಯೋಜನವಿಲ್ಲ.

ಹಿನ್ನೆಲೆ

ಲ್ಯಾಬಿನಲ್ಲಿರುವುದು ಹಳೆಯ ಡೆಸ್ಕ್‌ಟಾಪ್‌ಗಳು: 4 ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕ್. ಡೆಬಿಯನ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮಿನ 12ನೇ ಆವೃತ್ತಿ, ಅಂದರೆ 'ಬುಕ್‌ವರ್ಮ್', 2023ರ ಜೂನ್ 10ರಂದು ಬಿಡುಗಡೆಯಾಯಿತು. ಅದೇ ವರ್ಷ ಇವಕ್ಕೆ ಅದನ್ನು ಹಾಕಿದೆವು. ಲೈಸೆನ್ಸಿಗೆ ದುಡ್ಡಿಲ್ಲ ಎನ್ನುವುದು ಒಂದು ಕಾರಣ. ಆದರೆ ನನಗೆ ಅದಕ್ಕಿಂತ ಮುಖ್ಯವಾದದ್ದು, ಕನ್ನಡದ ಫಾಂಟು, ಕನ್ನಡ ಟೈಪಿಂಗು ಎರಡೂ ಡೆಬಿಯನ್ನಿನ ಭಂಡಾರದಲ್ಲೇ (ನೆಟ್ಟಿನಲ್ಲಿ ಅವರೇ ಇಟ್ಟಿರುವ ಸಾಫ್ಟ್‌ವೇರ್ ಸಂಗ್ರಹದಲ್ಲೇ) ಸಿಗುತ್ತವೆ, ಬೇರೆಲ್ಲಿಂದಲೂ ತಂದು ಹಾಕಬೇಕಾಗಿಲ್ಲ ಎನ್ನುವುದು. ಬುಕ್‌ವರ್ಮ್ ಬಂದಾಗ ಆ ಭಂಡಾರದಲ್ಲಿ 64,419 ಪ್ಯಾಕೇಜುಗಳಿದ್ದವು. ಪ್ಯಾಕೇಜು ಅಂದರೆ ಒಂದು ಸಾಫ್ಟ್‌ವೇರಿನ ಫೈಲುಗಳನ್ನು ಒಟ್ಟಿಗೆ ಕಟ್ಟಿಟ್ಟ ಗಂಟು.

ಪ್ಯಾಕೇಜಿನ ಕೆಲಸವನ್ನು ಅಲ್ಲಿ ಎರಡು ಪ್ರೋಗ್ರಾಮುಗಳು ಹಂಚಿಕೊಂಡಿವೆ. ಕೆಳಗಿನ ಮಟ್ಟದಲ್ಲಿ ಡಿಪಿಕೆಜಿ, 1994ರಿಂದ ಇದೆ. ಕೈಗೆ ಕೊಟ್ಟ ಪ್ಯಾಕೇಜನ್ನು ಬಿಚ್ಚಿ ಫೈಲುಗಳನ್ನು ಜಾಗದಲ್ಲಿ ಇಡುವುದು, ಲೆಕ್ಕ ಬರೆಯುವುದು ಅದರ ಕೆಲಸ. ಅದರ ಮೇಲೆ ಆಪ್ಟ್. 1999ರಲ್ಲಿ ಡೆಬಿಯನ್ 2.1ರ ಜೊತೆ ಬಂತು. ಯಾವುದಕ್ಕೆ ಯಾವುದು ಬೇಕು ಎಂದು ಹುಡುಕಿ, ನೆಟ್ಟಿನಿಂದ ಇಳಿಸಿ, ಸರಿಯಾದ ಕ್ರಮದಲ್ಲಿ ಡಿಪಿಕೆಜಿಗೆ ಕೊಡುವುದು ಇದರ ಕೆಲಸ. ಮುಂದೆ ಹೇಳುವುದು ಅರ್ಥವಾಗಲು ಇಷ್ಟು ನೆನಪಿದ್ದರೆ ಸಾಕು.

ಶಾಲೆಯಲ್ಲಿ ಲ್ಯಾಬ್ ನೋಡಿಕೊಳ್ಳುವ ಒಬ್ಬರು ಅಕ್ಕ ಇದ್ದಾರೆ. ಸಿಸ್ಟಮ್ ಆನ್ ಮಾಡುವುದು, ಮಕ್ಕಳನ್ನು ಕೂರಿಸುವುದು, ಏನಾದರೂ ಆದರೆ ಪುಸ್ತಕದಲ್ಲಿ ಬರೆದಿಟ್ಟು ನನಗೆ ಫೋನ್ ಮಾಡುವುದು ಎಲ್ಲ ಅವರೇ. ನಾನು ತಿಂಗಳಿಗೊಮ್ಮೆ ಹೋಗುತ್ತೇನೆ.

ಮೊದಲ ದಿನ: ಕರೆಂಟು

ಬೇಸಿಗೆ ರಜೆಯಲ್ಲಿ ತರಗತಿಗಳಿಗೆ ಲ್ಯಾಬ್ ಮುಚ್ಚಿತ್ತು. ಮೇ 17ಕ್ಕೆ ಡೆಬಿಯನ್ 12.11 ಬಂದಿತ್ತು, ಜೊತೆಗೆ ಎರಡು ತಿಂಗಳ ಭದ್ರತಾ ಅಪ್‌ಡೇಟುಗಳು ಬಾಕಿ. ಒಂದೊಂದು ಸಿಸ್ಟಮಿಗೆ ಸುಮಾರು 600 ಎಂಬಿ. ಇರುವುದು ಒಂದೇ ಫೈಬರ್ ಲೈನು. ಅದರಿಂದ ಅದೇ ಫೈಲುಗಳನ್ನೇ 24 ಸಿಸ್ಟಮ್‌ಗಳು 24 ಸಲ ಇಳಿಸಿಕೊಳ್ಳಲು ಶುರು ಮಾಡಿದವು. ಎಲ್ಲವೂ ಒಂದೇ ವೇಗದಲ್ಲಿ ಹೋಗುವುದಿಲ್ಲವಲ್ಲ. ಕರೆಂಟು ಹೋದ ಹೊತ್ತಿಗೆ ನಾಲ್ಕು ಮುಗಿಸಿದ್ದವು, ಹನ್ನೊಂದು ಇನ್ನೂ ಇಳಿಸುತ್ತಿದ್ದವು, ಒಂಬತ್ತು ಹಾಕುವ ಕೆಲಸದ ಮಧ್ಯದಲ್ಲಿದ್ದವು.

ಇಳಿಸುವಾಗ ನಿಂತರೆ ಅಪಾಯವಿಲ್ಲ, ಅರ್ಧ ಬಂದ ಫೈಲು ಅಲ್ಲೇ ಇರುತ್ತದೆ, ಮತ್ತೆ ಅಲ್ಲಿಂದಲೇ ಮುಂದುವರಿಯುತ್ತದೆ. ತಾಪತ್ರಯ ಇರುವುದು ಮಧ್ಯದಲ್ಲಿ ಸಿಕ್ಕಿಬಿದ್ದವುಗಳಿಗೆ. ಡಿಪಿಕೆಜಿ ಜಾಗರೂಕತೆಯಿಂದಲೇ ಕೆಲಸ ಮಾಡುತ್ತದೆ: ಹೊಸ ಫೈಲನ್ನು ಮೊದಲು ಬೇರೆ ಹೆಸರಿನಲ್ಲಿ ಡಿಸ್ಕಿಗೆ ಬರೆದು, ಆಮೇಲೆ ಹೆಸರು ಬದಲಿಸಿ ಹಳೆಯದರ ಜಾಗಕ್ಕೆ ತರುತ್ತದೆ. ಪ್ರತಿ ಪ್ಯಾಕೇಜು ಯಾವ ಸ್ಥಿತಿಯಲ್ಲಿದೆ ಎಂದು ಹೆಜ್ಜೆ ಹೆಜ್ಜೆಗೂ ಬರೆದುಕೊಳ್ಳುತ್ತದೆ: ಬಿಚ್ಚಿದ್ದು, ಅರ್ಧ ಹೊಂದಿಸಿದ್ದು, ಪೂರ್ತಿ ಹಾಕಿದ್ದು. ಹಾಗಾಗಿ ಕರೆಂಟು ಬಂದ ಮೇಲೆ 'ಬಾಕಿ ಇರುವುದನ್ನು ಹೊಂದಿಸು' ಎಂಬ ಒಂದು ಆಜ್ಞೆ ಕೊಟ್ಟಾಗ ಒಂಬತ್ತರಲ್ಲಿ ಎಂಟು ತಾವಾಗಿಯೇ ಸರಿಯಾದವು. ಮೂವತ್ತು ವರ್ಷ ಹಳೆಯ ಸಾಧನದ ಮೇಲೆ ನನಗಿರುವ ಗೌರವ ಆ ದಿನ ಇನ್ನೂ ಹೆಚ್ಚಿತು.

ಉಳಿದ ಒಂದು ಬೂಟ್ ಆಗಲಿಲ್ಲ. ಕರ್ನಲ್ (ಆಪರೇಟಿಂಗ್ ಸಿಸ್ಟಮಿನ ತಿರುಳು) ಏಳುವಾಗ ಮೊದಲು ಓದುವ ಇನಿಟ್‌ರಾಮ್‌ಎಫ್‌ಎಸ್ ಫೈಲು ಕೆಟ್ಟಿತ್ತು. ಸಿಸ್ಟಮ್ ಆನ್ ಆಗುವಾಗ ಬರುವ ಗ್ರಬ್ ಮೆನುವಿನಲ್ಲಿ ಹಳೆಯ ಕರ್ನಲ್ ಆರಿಸಿ ಎಬ್ಬಿಸಿ, ಆ ಫೈಲನ್ನು ಮತ್ತೆ ಕಟ್ಟಿಸಿದೆ. ಹತ್ತು ನಿಮಿಷದ ಕೆಲಸ.

ಹೆಡ್‌ಮೇಡಂ ಬಂದು ಕೇಳಿದರು: "ಎಂತ ಆದದ್ದು ಸರ್? ಯುಪಿಎಸ್ ತೆಗೊಂಡ್ರೆ ಸರಿ ಆಗ್ತದಾ?"

"ಹೌದು ಮೇಡಂ, ಕರೆಂಟಿಂದಲೇ ಆದದ್ದು" ಅಂದುಬಿಟ್ಟೆ.

ಎರಡನೇ ದಿನ: ಕರೆಂಟು ಅಲ್ಲ

ಇಳಿಸುತ್ತಿದ್ದ ಹನ್ನೊಂದನ್ನು ಅದೇ ಸ್ಕ್ರಿಪ್ಟಿನಿಂದ ಮುಂದುವರಿಸಿದೆ. ಒಂಬತ್ತು ಊಟದ ಹೊತ್ತಿಗೆ ಮುಗಿದವು. ಕೊನೆಯ ಸಾಲಿನ ಎರಡು ಮಾತ್ರ ಇಳಿಸುತ್ತಲೇ ಇದ್ದವು. ಲೈನು ನಿಧಾನ ಇರಬೇಕು ಎಂದುಕೊಂಡು ಚಹಾ ಕುಡಿಯಲು ಹೋದೆ. ವಾಪಸು ಬಂದಾಗ ಎರಡೂ ಪರದೆಗಳಲ್ಲಿ ಒಂದು ಪ್ಯಾಕೇಜಿನ ಫೈಲು ಇನ್ನೊಂದು ಪ್ಯಾಕೇಜಿಗೂ ಸೇರಿದೆ, ಅದರ ಮೇಲೆ ಬರೆಯಲಾಗದು ಎಂಬ ದೋಷ. ರೀಸ್ಟಾರ್ಟ್ ಮಾಡಿದರೆ ಡೆಸ್ಕ್‌ಟಾಪ್ ಬರಲಿಲ್ಲ. ಕಪ್ಪು ಪರದೆಯಲ್ಲಿ ಲಾಗಿನ್ ಕೇಳುವ ಒಂದು ಸಾಲು ಮಾತ್ರ.

ಅಕ್ಕ ಹಿಂದೆ ನಿಂತು ನೋಡುತ್ತಿದ್ದರು. "ಇವತ್ತು ಕರೆಂಟು ಹೋಗ್ಲಿಲ್ಲ ಅಲ್ವಾ ಸರ್. ಮತ್ತೆ ಈ ಎರಡಕ್ಕೆ ಮಾತ್ರ ಯಾಕೆ?"

ಉತ್ತರ ನನ್ನಲ್ಲಿ ಇರಲಿಲ್ಲ. ಆಪ್ಟ್ ತನ್ನದೇ ಒಂದು ಚರಿತ್ರೆಯ ಫೈಲು ಇಟ್ಟುಕೊಳ್ಳುತ್ತದೆ. ತಿಂಗಳಿಗೊಮ್ಮೆ ಅದು ಹಳೆಯದನ್ನು ಮಡಚಿಟ್ಟು ಹೊಸ ಹಾಳೆ ಶುರು ಮಾಡುತ್ತದೆ. ಏಪ್ರಿಲ್ ತಿಂಗಳ ಮಡಿಕೆ ಬಿಚ್ಚಿ ನೋಡಿದೆ. ಒಂದು ಸಂಜೆ, ನನ್ನದೇ ಲಾಗಿನ್‌ನಿಂದ, ಆ ಎರಡು ಸಿಸ್ಟಮ್‌ಗಳಲ್ಲಿ ಜಿಂಪ್ ಎಂಬ ಚಿತ್ರ ತಿದ್ದುವ ಸಾಫ್ಟ್‌ವೇರ್ ಹಾಕಿದ ದಾಖಲೆ. ಬುಕ್‌ವರ್ಮ್‌ನದ್ದಲ್ಲ, ಡೆಬಿಯನ್ನಿನ ಮುಂದಿನ ಆವೃತ್ತಿ ಸಿದ್ಧವಾಗುವ 'ಟೆಸ್ಟಿಂಗ್' ಶಾಖೆಯದ್ದು.

ಆಗ ನೆನಪಾಯಿತು. ಡ್ರಾಯಿಂಗ್ ಸರ್ ಬೇಸಿಗೆ ಶಿಬಿರ ನಡೆಸುತ್ತಿದ್ದರು. ಮಾರ್ಚ್ 16ರಂದು ಜಿಂಪ್ 3.0 ಬಂದಿತ್ತು. ಚಿತ್ರದ ಮೇಲೆ ಫಿಲ್ಟರ್ ಹಾಕಿದರೂ ಮೂಲ ಚಿತ್ರ ಹಾಗೇ ಉಳಿಯುವ, ಬೇಕಾದಾಗ ಫಿಲ್ಟರನ್ನು ತಿದ್ದುವ ಸೌಲಭ್ಯ ಅದರಲ್ಲಿ ಬಂದಿದೆ. ಮಕ್ಕಳಿಗೆ ಅದು ಬೇಕೇ ಬೇಕು ಎಂದು ಅವರು ಕೇಳಿದ್ದರು, ಕೇಳಿದ್ದು ಸರಿಯೇ. ಬುಕ್‌ವರ್ಮ್‌ನಲ್ಲಿದ್ದದ್ದು 2.10.34. ಎರಡೇ ಸಿಸ್ಟಮ್ ತಾನೇ ಎಂದು ನಾನು ಟೆಸ್ಟಿಂಗ್‌ನ ಒಂದು ಸಾಲನ್ನು ಭಂಡಾರದ ಪಟ್ಟಿಗೆ ಸೇರಿಸಿ, ಜಿಂಪ್ ಹಾಕಿಕೊಟ್ಟೆ. ಶಿಬಿರ ಚೆನ್ನಾಗಿ ನಡೆಯಿತು. ಆ ಸಾಲು ಅಲ್ಲೇ ಉಳಿಯಿತು.

ಒಂದು ಸಾಲಿನಿಂದ ಆದದ್ದು ಹೀಗೆ. ಹೊಸ ಜಿಂಪ್ ಒಂಟಿಯಾಗಿ ಬರುವುದಿಲ್ಲ. ಅದನ್ನು ಕಟ್ಟಿರುವುದು ಹೊಸ ಲೈಬ್ರರಿಗಳ (ಹಲವು ಸಾಫ್ಟ್‌ವೇರ್‌ಗಳು ಹಂಚಿಕೊಂಡು ಬಳಸುವ ಭಾಗಗಳ) ಜೊತೆ. ಹಾಗಾಗಿ ಸಿಸ್ಟಮಿನ ತಳದಲ್ಲಿರುವ ಸಿ ಲೈಬ್ರರಿಯೇ 2.36ರಿಂದ 2.41ಕ್ಕೆ ಏರಿತು. ಅಷ್ಟಕ್ಕೆ ನಿಲ್ಲಲಿಲ್ಲ. ಆಪ್ಟ್ ಪ್ರತಿ ಭಂಡಾರಕ್ಕೂ ಒಂದು ಆದ್ಯತೆಯ ಅಂಕಿ ಕೊಡುತ್ತದೆ; ನಾವು ಏನೂ ಹೇಳದಿದ್ದರೆ ಎರಡಕ್ಕೂ 500. ಅಂಕಿ ಸಮ ಇದ್ದರೆ ಆವೃತ್ತಿ ಯಾವುದು ದೊಡ್ಡದೋ ಅದೇ ಗೆಲ್ಲುತ್ತದೆ. ಟೆಸ್ಟಿಂಗ್‌ನದ್ದು ಹೆಚ್ಚುಕಡಿಮೆ ಯಾವಾಗಲೂ ದೊಡ್ಡದು. ಜೂನ್‌ನಲ್ಲಿ ನಾನು ಅಪ್‌ಗ್ರೇಡ್ ಕೊಟ್ಟಾಗ ಆ ಎರಡು ಸಿಸ್ಟಮ್‌ಗಳ ಪಾಲಿಗೆ ಅದು ತಿಂಗಳ ಅಪ್‌ಡೇಟ್ ಆಗಿರಲಿಲ್ಲ. ಇಡೀ ವ್ಯವಸ್ಥೆಯನ್ನೇ ಮುಂದಿನ ಡೆಬಿಯನ್ನಿಗೆ ಎತ್ತುವ ಕೆಲಸವಾಗಿತ್ತು, 1,300ಕ್ಕೂ ಮೇಲಿನ ಪ್ಯಾಕೇಜುಗಳು. ಅದರಲ್ಲೂ ಆ ಸುತ್ತಿನಲ್ಲಿ ಡೆಬಿಯನ್ 2038ರ ಸಮಯದ ಸಮಸ್ಯೆಗಾಗಿ (ಕಂಪ್ಯೂಟರಿನ ಹಳೆಯ ಸಮಯದ ಲೆಕ್ಕ ಆ ವರ್ಷ ತುಂಬಿಹೋಗುತ್ತದೆ) ಬಹಳಷ್ಟು ಲೈಬ್ರರಿ ಪ್ಯಾಕೇಜುಗಳ ಹೆಸರನ್ನೇ ಬದಲಿಸಿತ್ತು. ಹಳೆ ಹೆಸರಿನವು ಹೋಗಿ ಹೊಸ ಹೆಸರಿನವು ಬರಬೇಕಾದ ಹೊತ್ತಿನಲ್ಲಿ ಎರಡೂ ಎದುರುಬದುರಾಗಿ ನಿಂತವು.

ನಮ್ಮ ಕಡೆಯವರಿಗೆ ಹೇಳುವುದಾದರೆ, ಯಕ್ಷಗಾನದಲ್ಲಿ ಬಡಗಿನ ಹಿಮ್ಮೇಳಕ್ಕೆ ತೆಂಕಿನ ವೇಷ ಕುಣಿಸಿದ ಹಾಗೆ. ಒಂದು ರಾತ್ರಿಯ ಕೂಡಾಟಕ್ಕೆ ಚಂದವೇ. ತಿರುಗಾಟ ಪೂರ್ತಿ ಹಾಗೆ ನಡೆಸಲು ಆಗುವುದಿಲ್ಲ.

ಆಪ್ಟ್ ಎಚ್ಚರಿಸಲಿಲ್ಲವೇ? ಎಚ್ಚರಿಸಿತ್ತು. ಎಷ್ಟು ಪ್ಯಾಕೇಜು ಬದಲಾಗುತ್ತವೆ, ಎಷ್ಟು ಹೋಗುತ್ತವೆ ಎಂದು ಪಟ್ಟಿ ಕೊಟ್ಟು 'ಮುಂದುವರಿಯಲೇ' ಎಂದು ಕೇಳುತ್ತದೆ. ನನ್ನ ಸ್ಕ್ರಿಪ್ಟಿನಲ್ಲಿ ಎಲ್ಲ ಪ್ರಶ್ನೆಗೂ 'ಹೌದು' ಎನ್ನುವ ಆಯ್ಕೆ ಇತ್ತು. ಆ ಪಟ್ಟಿಯನ್ನು ಮನುಷ್ಯರು ಯಾರೂ ಓದಲಿಲ್ಲ.

ಟೆಸ್ಟಿಂಗ್‌ನಿಂದ ಹಿಂದಕ್ಕೆ ಇಳಿಯುವ ದಾರಿಗೆ ಡೆಬಿಯನ್ ಬೆಂಬಲ ಕೊಡುವುದಿಲ್ಲ. ಎರಡನ್ನೂ ಹೊಸದಾಗಿ ಇನ್‌ಸ್ಟಾಲ್ ಮಾಡಿದೆ. ಅದಕ್ಕೆ ಮೊದಲು ಮೇಡಂ ಕೋಣೆಗೆ ಹೋಗಿ, ನಿನ್ನೆ ಹೇಳಿದ್ದು ಅರ್ಧ ಮಾತ್ರ ಸರಿ, ಇಪ್ಪತ್ತನಾಲ್ಕಕ್ಕೂ ಯುಪಿಎಸ್ ತೆಗೆಯಬೇಡಿ, ಇವೆರಡು ಕೆಟ್ಟದ್ದು ನನ್ನಿಂದ ಎಂದೆ. ಅವರು ಕೊಟೇಶನ್ ತರಿಸಲು ಆಗಲೇ ಫೋನ್ ಮಾಡಿಯಾಗಿತ್ತು. ಶಾಲೆಯ ದುಡ್ಡು ತಪ್ಪು ಕಾರಣಕ್ಕೆ ಖರ್ಚಾಗುವುದು ಒಂದು ದಿನದ ಅಂತರದಲ್ಲಿ ತಪ್ಪಿತು.

ಏನು ಕಾಣೆಯಾಗಿತ್ತು

ಈ ಪ್ರಕರಣದ ತಿರುಳು ಇದೇ ಎಂದು ನನ್ನ ನಂಬಿಕೆ. ಏನು ಹಾಕಿದೆ ಎನ್ನುವುದು ಡಿಪಿಕೆಜಿಗೆ ಗೊತ್ತು. ಯಾವಾಗ, ಯಾರು ಹಾಕಿದರು ಎನ್ನುವುದು ಆಪ್ಟಿಗೆ ಗೊತ್ತು. ನಾವು ಕೇಳಿ ಹಾಕಿಸಿದ್ದು ಯಾವುದು, ಬೇರೊಂದರ ಜೊತೆ ತಾನಾಗಿ ಬಂದದ್ದು ಯಾವುದು ಎನ್ನುವ ಗುರುತೂ ಅದರಲ್ಲಿದೆ. ಯಾಕೆ ಹಾಕಿದೆವು ಎನ್ನುವುದು ಮಾತ್ರ ಎಲ್ಲೂ ಇಲ್ಲ. ಶಿಬಿರ ಮುಗಿಯಿತು, ಜಿಂಪ್ 3 ಇನ್ನು ಬೇಕೋ ಬೇಡವೋ ಎಂದು ಕೇಳಬೇಕು ಎಂಬುದು ನನ್ನ ತಲೆಯಲ್ಲಿತ್ತು; ತಲೆಯಿಂದ ಜಾರಿಹೋಯಿತು.

ಇದು ಎಷ್ಟು ದೂರ ಹೋಗಿದೆ ಎಂದು ನೋಡಲು 24ರಲ್ಲೂ 'ಕೇಳಿ ಹಾಕಿಸಿದ್ದು' ಪಟ್ಟಿ ತೆಗೆದು ಪಕ್ಕಪಕ್ಕ ಇಟ್ಟೆ. 2023ರಲ್ಲಿ ಒಂದೇ ಅಚ್ಚಿನಿಂದ ತೆಗೆದ ಸಿಸ್ಟಮ್‌ಗಳು. ಈಗ ಒಂದರ ಹಾಗೆ ಇನ್ನೊಂದು ಇಲ್ಲ. ಒಂದರಲ್ಲಿ ಮೂರು ವಿಡಿಯೋ ಪ್ಲೇಯರು. ಐದರಲ್ಲಿ ಪ್ರಿಂಟರ್ ಡ್ರೈವರು. ಪ್ರಿಂಟರ್ ಇರುವುದು ಒಂದೇ. ರಿಪೇರಿಗೆಂದು ನಾನು ಕೈಯಿಂದ ಹಾಕಿದ ಲೈಬ್ರರಿಗಳೆಲ್ಲ 'ಕೇಳಿ ಹಾಕಿಸಿದ್ದು' ಎಂದೇ ದಾಖಲಾಗಿ, ಇನ್ನು ಯಾವತ್ತೂ ತಾವಾಗಿ ಹೋಗದ ಹಾಗೆ ಕೂತಿದ್ದವು.

ಮಾಡಿದ ಬದಲಾವಣೆ

ಮೊದಲನೆಯದು ಸುಲಭದ್ದು. ಬಿಸಾಡಲು ಇಟ್ಟಿದ್ದ ಒಂದು ಸಿಸ್ಟಮಿನಲ್ಲಿ ಆಪ್ಟ್-ಕ್ಯಾಶರ್-ಎನ್‌ಜಿ ಹಾಕಿ, ಇದ್ದ ಒಂದೇ ಯುಪಿಎಸ್ಸಿಗೆ ಸಿಕ್ಕಿಸಿದೆ. ಉಳಿದವಕ್ಕೆ ಅದರ ವಿಳಾಸವನ್ನೂ 3142 ಎಂಬ ಪೋರ್ಟ್ ಸಂಖ್ಯೆಯನ್ನೂ ಒಂದು ಸಾಲಿನಲ್ಲಿ ಕೊಟ್ಟರೆ ಆಯಿತು. ಮೊದಲ ಸಿಸ್ಟಮ್ ಕೇಳಿದ ಫೈಲು ನೆಟ್ಟಿನಿಂದ ಬರುತ್ತದೆ, ಮಿಕ್ಕವಕ್ಕೆ ಪಕ್ಕದ ಮೇಜಿನಿಂದ. ನಡುವೆ ಒಂದು ಯಂತ್ರ ಕೂರಿಸಿದರೆ ಮೋಸವಾಗದೇ ಎಂದು ಒಬ್ಬರು ಕೇಳಿದರು. ಆಗುವುದಿಲ್ಲ. ಭಂಡಾರದ ಸೂಚಿಗೆ ಡೆಬಿಯನ್ನಿನ ಸಹಿ ಇರುತ್ತದೆ, ಪ್ರತಿ ಪ್ಯಾಕೇಜಿನ ಬೆರಳಚ್ಚು ಆ ಸೂಚಿಯ ಮೂಲಕವೇ ಬರುತ್ತದೆ. ಒಂದಕ್ಷರ ಬದಲಾದರೂ ಆಪ್ಟ್ ಮುಟ್ಟುವುದಿಲ್ಲ.

ಎರಡನೆಯದು ಹೊತ್ತು. ಹಿಂದೆ ನಾನೇ ಹಾಕಿದ್ದ ತಾನಾಗಿ ಅಪ್‌ಗ್ರೇಡ್ ಆಗುವ ವ್ಯವಸ್ಥೆ ಬೆಳಿಗ್ಗೆ 6ರ ನಂತರ ಓಡುವಂತೆ ಇರುತ್ತದೆ. ಆ ಹೊತ್ತಿಗೆ ಸಿಸ್ಟಮ್ ಆಫ್ ಇದ್ದರೆ ಆನ್ ಆದ ಮೇಲೆ ಬಾಕಿ ತೀರಿಸುತ್ತದೆ. ಅಂದರೆ ಮಕ್ಕಳು ಬಂದು ಸ್ವಿಚ್ ಒತ್ತಿದ ಹೊತ್ತಿಗೇ. ಪಿರಿಯಡ್ ಮುಗಿದಾಗ ಅವರು ಆಫ್ ಮಾಡುತ್ತಾರೆ, ಕೆಲವರು ನೇರ ಗೋಡೆಯ ಸ್ವಿಚ್ಚೇ ತೆಗೆಯುತ್ತಾರೆ. ಅದನ್ನು ನಿಲ್ಲಿಸಿದೆ. ಈಗ ಇಳಿಸುವ ಕೆಲಸ ಮಾತ್ರ ತಾನಾಗಿ ಆಗುತ್ತದೆ. ಹಾಕುವ ಕೆಲಸ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ. ಮೊದಲು ಒಂದೇ ಸಿಸ್ಟಮಿಗೆ, ಒಂದು ವಾರ ಬಿಟ್ಟು ಉಳಿದವಕ್ಕೆ ಆರಾರರಂತೆ. 'ಹೌದು' ಎಂದು ಯಂತ್ರ ಹೇಳುವುದಿಲ್ಲ. ಪಟ್ಟಿ ಓದಿ ಅಕ್ಕ ಅಥವಾ ನಾನು ಒತ್ತಬೇಕು. ಪಟ್ಟಿಯಲ್ಲಿ ಏನಾದರೂ ತೆಗೆಯುತ್ತೇನೆ ಎಂದಿದ್ದರೆ ಅಕ್ಕ ಒತ್ತುವುದಿಲ್ಲ, ಫೋಟೋ ತೆಗೆದು ನನಗೆ ಕಳಿಸುತ್ತಾರೆ.

ಮೂರನೆಯದರ ಬಗ್ಗೆ ನನಗೆ ಹೆಚ್ಚು ಅಭಿಮಾನ. ಇಕ್ವಿವ್ಸ್ ಎಂಬ ಸಣ್ಣ ಸಾಧನದಿಂದ ಲ್ಯಾಬಿಗೇ ಒಂದು ಮೆಟಾ ಪ್ಯಾಕೇಜು ಮಾಡಿದೆ. ಅದರೊಳಗೆ ಸಾಫ್ಟ್‌ವೇರ್ ಏನೂ ಇರುವುದಿಲ್ಲ, ಯಾವ ಯಾವ ಪ್ಯಾಕೇಜು ಬೇಕು ಎಂಬ ಪಟ್ಟಿ ಮಾತ್ರ: ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪು, ಲಿಬ್ರೆಆಫೀಸು, ಕನ್ನಡ ಫಾಂಟುಗಳು, ಕನ್ನಡ ಟೈಪಿಂಗಿಗೆ ಐಬಸ್, ಸಣ್ಣ ಮಕ್ಕಳಿಗೆ ಜಿಕಾಂಪ್ರಿ, ಪೈಥಾನ್ ಕಲಿಯುವವರಿಗೆ ಥೋನಿ. ಪ್ಯಾಕೇಜಿನ ವಿವರಣೆ ಬರೆಯುವ ಜಾಗದಲ್ಲಿ ಕನ್ನಡವನ್ನೂ ಬರೆಯಬಹುದು. ಅಲ್ಲಿ ಪ್ರತಿಯೊಂದಕ್ಕೂ ಒಂದು ಸಾಲು: ಯಾರು ಕೇಳಿದರು, ಯಾತಕ್ಕೆ, ಯಾವಾಗ ಮತ್ತೆ ನೋಡಬೇಕು. ಯಾವ ಸಿಸ್ಟಮಿನಲ್ಲಿ ಕೂತರೂ ಆ ಪ್ಯಾಕೇಜಿನ ವಿವರ ಕೇಳಿದರೆ ಕಾರಣಗಳ ಪಟ್ಟಿ ಕನ್ನಡದಲ್ಲೇ ಪರದೆಗೆ ಬರುತ್ತದೆ.

ಇದಾದ ಮೇಲೆ ಉಳಿದೆಲ್ಲವನ್ನೂ 'ತಾನಾಗಿ ಬಂದದ್ದು' ಎಂದು ಗುರುತು ಹಾಕಿ, ಮೆಟಾ ಪ್ಯಾಕೇಜಿಗೆ ಬೇಡವಾದದ್ದನ್ನು ತೆಗೆಯಲು ಆಪ್ಟಿಗೆ ಹೇಳಬೇಕು. ಇಲ್ಲಿ ಅವಸರ ಮಾಡಬಾರದು. ಮೊದಲು ಸುಮ್ಮನೆ ಮಾಡಿದಂತೆ ತೋರಿಸು ಎಂದು ಕೇಳಿದಾಗ, ತೆಗೆಯುವ ಪಟ್ಟಿಯಲ್ಲಿ ಪ್ರಿಂಟರ್ ಡ್ರೈವರೂ ನೆಟ್‌ವರ್ಕ್ ಕಾರ್ಡಿನ ಫರ್ಮ್‌ವೇರೂ ಇದ್ದವು. ಎರಡೂ ಬೇಕು, ಬೇಕು ಎಂದು ನಾವು ಎಲ್ಲೂ ಬರೆದಿರಲಿಲ್ಲ, ಅಷ್ಟೇ. ಮೂರು ಸಲ ಹೀಗೆ ನೋಡಿ, ಪಟ್ಟಿ ತುಂಬಿಸಿ, ಆಮೇಲೆ ನಿಜವಾಗಿ ತೆಗೆದೆ.

ಜಿಂಪ್ 3ನ್ನು ಫ್ಲಾಟ್‌ಪ್ಯಾಕ್ ಮೂಲಕ ಹಾಕಿದೆ. ಅದು ತನಗೆ ಬೇಕಾದ ಲೈಬ್ರರಿಗಳನ್ನು ತನ್ನ ಜೊತೆಗೇ ತರುತ್ತದೆ, ಡಿಸ್ಕ್ ಹೆಚ್ಚು ತಿನ್ನುತ್ತದೆ, ಆದರೆ ಸಿಸ್ಟಮಿನ ತಳವನ್ನು ಮುಟ್ಟುವುದಿಲ್ಲ. ಡ್ರಾಯಿಂಗ್ ಸರ್‌ಗೆ ಬೇಕಾದದ್ದು ಸಿಕ್ಕಿತು. ಕಾರಣದ ಸಾಲಿನಲ್ಲಿ 'ಮುಂದಿನ ಡೆಬಿಯನ್ ಬಂದಾಗ ತೆಗೆಯುವುದು' ಎಂದು ಬರೆದೆ.

ಪ್ಲಗ್ ಕಿತ್ತ ದಿನ

ಒಂದು ಪ್ರಶ್ನೆ ಉಳಿದಿತ್ತು. ಡಿಪಿಕೆಜಿ ಒಂದೊಂದು ಫೈಲನ್ನು ಜೋಪಾನ ಮಾಡುತ್ತದೆ, ನಿಜ. ಆದರೆ ಇನ್ನೂರು ಪ್ಯಾಕೇಜುಗಳ ಅಪ್‌ಗ್ರೇಡನ್ನು 'ಆದರೆ ಪೂರ್ತಿ, ಇಲ್ಲದಿದ್ದರೆ ಏನೂ ಇಲ್ಲ' ಎಂಬ ಹಾಗೆ ಮಾಡುವುದಿಲ್ಲ. ನಿಕ್ಸ್ ಎಂಬ ಬೇರೊಂದು ಪ್ಯಾಕೇಜ್ ವ್ಯವಸ್ಥೆ ಹಾಗೆ ಮಾಡುತ್ತದೆ. ಎಲ್ಕೋ ಡೋಲ್‌ಸ್ಟ್ರಾ 2006ರಲ್ಲಿ ಯುಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಕೊಟ್ಟ ಪಿಎಚ್‌.ಡಿ. ಪ್ರಬಂಧ ಅದರದ್ದೇ. ಪ್ರತಿ ಆವೃತ್ತಿಗೂ ಪ್ರತ್ಯೇಕ ಜಾಗ, ಎಲ್ಲ ಸಿದ್ಧವಾದ ಮೇಲೆ ಕೊನೆಗೆ ಒಂದೇ ಕೊಂಡಿ ಬದಲಿಸುವುದು. ಕರೆಂಟು ನಡುವೆ ಹೋದರೆ ಹಳೆಯದು ಹಾಗೇ ಇರುತ್ತದೆ. ಮಳೆಗಾಲದ ಊರಿಗೆ ಹೇಳಿ ಮಾಡಿಸಿದ ವಿಚಾರ. ಹಾಗಿದ್ದರೂ ಇಲ್ಲಿಗೆ ಅದನ್ನು ತರಲಿಲ್ಲ. ಅದರ ಭಾಷೆ ಕಲಿತು ನಡೆಸಲು ನಾನಿಲ್ಲದಾಗ ಶಾಲೆಯಲ್ಲಿ ಯಾರೂ ಇಲ್ಲ. ಅಕ್ಕ ಆಪ್ಟನ್ನು ಆಗಲೇ ಕಲಿತಿದ್ದಾರೆ.

ಬದಲಿಗೆ, ಹೊಸದಾಗಿ ಹಾಕಿದ ಆ ಎರಡು ಸಿಸ್ಟಮ್‌ಗಳಲ್ಲಿ ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ ಬಳಸಿದೆ. ಅಪ್‌ಗ್ರೇಡಿಗೆ ಮೊದಲು ಇಡೀ ಸಿಸ್ಟಮಿನ ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಪ್ರತಿ, ತೆಗೆಯುತ್ತದೆ. ಮಕ್ಕಳ ಫೈಲುಗಳಿರುವ ಹೋಮ್ ಅದರಲ್ಲಿ ಸೇರುವುದಿಲ್ಲ, ಬೇರೆ ಇರುತ್ತದೆ. ಹೇಳಿದ ಹಾಗೆ ಆಗುತ್ತದೋ ಎಂದು ನೋಡದೆ ನಂಬುವ ಧೈರ್ಯ ನನಗಿರಲಿಲ್ಲ. ಜುಲೈಯ ಒಂದು ಶನಿವಾರ ಮೇಡಂ ಅನುಮತಿ ಪಡೆದು, ಅಪ್‌ಗ್ರೇಡ್ ಕೊಟ್ಟು, ಲಿಬ್ರೆಆಫೀಸ್ ಬಿಚ್ಚುತ್ತಿರುವ ಸಾಲು ಓಡುತ್ತಿದ್ದಾಗಲೇ ಗೋಡೆಯಿಂದ ಪ್ಲಗ್ ಕಿತ್ತೆ. ಫ್ಯಾನಿನ ಸದ್ದು ನಿಧಾನವಾಗಿ ನಿಂತಿತು. ಅಕ್ಕ "ಅಯ್ಯೋ ದೇವರೇ" ಅಂದರು. ಮತ್ತೆ ಸಿಕ್ಕಿಸಿ, ಗ್ರಬ್‌ನಲ್ಲಿ ಸ್ನ್ಯಾಪ್‌ಶಾಟ್ ಆರಿಸಿದೆವು. ಡೆಸ್ಕ್‌ಟಾಪ್ ಬಂತು, ಹಾಕಿಟ್ಟಿದ್ದ ಕನ್ನಡ ಕಡತ ತೆರೆಯಿತು. ಎರಡನೇ ಸಲ ಅಕ್ಕನೇ ಪ್ಲಗ್ ಕಿತ್ತರು.

ದಸರಾ ರಜೆ

ಡೆಬಿಯನ್ 13, 'ಟ್ರಿಕ್ಸಿ', ಆಗಸ್ಟ್ 9ಕ್ಕೆ ಬಂತು. ನಮ್ಮ ಭಂಡಾರದ ಪಟ್ಟಿಗಳಲ್ಲಿ 'ಸ್ಟೇಬಲ್' (ಆಯಾ ಹೊತ್ತಿಗೆ ಬಿಡುಗಡೆಯಾದ ಇತ್ತೀಚಿನ ಆವೃತ್ತಿ) ಎಂದು ಬರೆಯದೆ 'ಬುಕ್‌ವರ್ಮ್' ಎಂದೇ ಬರೆದಿದ್ದರಿಂದ ಯಾವುದೂ ತಾನಾಗಿ ಹಾರಲಿಲ್ಲ. 'ಸ್ಟೇಬಲ್' ಎಂದು ಬರೆದಿಟ್ಟ ಲ್ಯಾಬುಗಳು ಇದ್ದರೆ ದಯವಿಟ್ಟು ಇವತ್ತೇ ಬದಲಿಸಿ. ದಸರಾ ರಜೆಯಲ್ಲಿ ಆರಾರರಂತೆ ಎತ್ತಿದೆವು. ಹೊಸ ಆಪ್ಟ್ 3.0 ತೆಗೆಯುವ ಪ್ಯಾಕೇಜುಗಳನ್ನು ಕೆಂಪು ಬಣ್ಣದಲ್ಲಿ ತೋರಿಸುತ್ತದೆ. ಸಣ್ಣ ಬದಲಾವಣೆ ಅನಿಸಬಹುದು, ಆದರೆ ಪಟ್ಟಿ ಓದಿ ಒತ್ತುವವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. 'ಈ ಅಪ್‌ಗ್ರೇಡ್ ನಿಮ್ಮನ್ನು ಬೇರೆ ಶಾಖೆಗೆ ಒಯ್ಯುತ್ತದೆ' ಎಂದು ಒಂದು ಸಾಲಿನಲ್ಲಿ ಹೇಳುವುದನ್ನೂ, ಹಾಕುವಾಗ ಕಾರಣ ಬರೆಯಲು ಒಂದು ಜಾಗ ಕೊಡುವುದನ್ನೂ ಅದು ಮುಂದೆ ಕಲಿಯಬೇಕು ಎಂದು ನನ್ನ ಆಸೆ.

ಟ್ರಿಕ್ಸಿಯಲ್ಲಿ ಜಿಂಪ್ 3.0.4 ಇದೆ. ಫ್ಲಾಟ್‌ಪ್ಯಾಕಿನ ಜಿಂಪ್ ತೆಗೆದು, ಮೆಟಾ ಪ್ಯಾಕೇಜಿನಲ್ಲಿ ಆ ಸಾಲು ಅಳಿಸಿದೆ. 22 ಸಿಸ್ಟಮ್‌ಗಳು ಇನ್ನೂ ಹಳೆಯ ಫೈಲ್ ಸಿಸ್ಟಮ್‌ನಲ್ಲೇ ಇವೆ, ಸ್ನ್ಯಾಪ್‌ಶಾಟ್ ಇಲ್ಲ. ಅವನ್ನು ಮುಂದಿನ ಬೇಸಿಗೆಯಲ್ಲಿ ಮಾಡಬೇಕು.

ನವೆಂಬರ್‌ನಲ್ಲಿ ಹೋದಾಗ ಅಕ್ಕ ಪುಸ್ತಕ ಮುಂದಿಟ್ಟರು. ಓರ್ಕಾ ಮತ್ತು ಇಸ್ಪೀಕ್-ಎನ್‌ಜಿ ಎರಡರ ಹೆಸರು ಬರೆದಿದ್ದರು, ಎದುರಿಗೆ ಕಾರಣ: "ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗನಿಗೆ ಅಕ್ಷರ ಸರಿ ಕಾಣುವುದಿಲ್ಲ. ಸ್ಕ್ರೀನ್ ಓದಿ ಹೇಳಲಿಕ್ಕೆ. ಅವನು ಹತ್ತು ಪಾಸಾಗುವವರೆಗೆ ಬೇಕು." ಮೆಟಾ ಪ್ಯಾಕೇಜಿನ ಹೊಸ ಆವೃತ್ತಿಗೆ ಆ ಸಾಲನ್ನು ಹಾಗೇ ಟೈಪ್ ಮಾಡಿದೆ.